ಮಗುವಿನ ಮೇಲೆ ಅನುಮಾನ ಪಡುವ ತಂದೆತಾಯಿಯರ ಕಾದಂಬರಿಗಳು: ಯಾವುದನ್ನು ಮೊದಲು ಓದಬೇಕು, ಹೇಗೆ ಓದಬೇಕು?

ಲಯನೆಲ್ ಶ್ರೈವರ್ ಅವರ 'ವಿ ನೀಡ್ ಟು ಟಾಕ್ ಅಬೌಟ್ ಕೆವಿನ್' ಓದಿ ಮುಗಿಸಿದ್ದೀರಿ, ಅದೇ ಜಾಡಿನ ಇನ್ನಷ್ಟು ಕಾದಂಬರಿಗಳು ಬೇಕು ಎಂದು ಕೇಳಿದ್ದೀರಿ. ಇಂಥದ್ದೊಂದನ್ನು ಕನ್ನಡದಲ್ಲಿ, ಮೈಸೂರಿನ ಒಂದು ಕುಟುಂಬದ ಕಥೆಯಾಗಿ ಬರೆಯುವ ಆಸೆಯೂ ನಿಮಗಿದೆ. ಬಾಣಂತನಕ್ಕೆ ಬಂದಿರುವ ತಂಗಿಗೆ ಈ ಪುಸ್ತಕಗಳನ್ನು ಕೊಡಬಹುದೇ ಎಂದೂ ಕೇಳಿದ್ದೀರಿ. ತಂಗಿಯ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಈ ಬಗೆಯ ಕಾದಂಬರಿಗಳನ್ನು 'ಮಗು ಹುಟ್ಟಿನಿಂದಲೇ ಕೆಟ್ಟದ್ದೋ, ಬೆಳೆಸಿದ ರೀತಿಯಿಂದ ಕೆಟ್ಟಿತೋ' ಎಂಬ ಪ್ರಶ್ನೆ ಇಟ್ಟುಕೊಂಡು ಓದಿದರೆ ಮೂರನೆಯ ಪುಸ್ತಕದ ಹೊತ್ತಿಗೆ ಎಲ್ಲವೂ ಒಂದೇ ಥರ ಕಾಣತೊಡಗುತ್ತವೆ. ಒಳ್ಳೆಯ ಕಾದಂಬರಿಗಳು ಆ ಪ್ರಶ್ನೆಗೆ ಉತ್ತರ ಕೊಡುವುದೇ ಇಲ್ಲ. ಅದರ ಬದಲು ಕಥೆ ಹೇಳುತ್ತಿರುವವರು ಯಾರು, ಯಾರ ಮುಂದೆ ಹೇಳುತ್ತಿದ್ದಾರೆ, ಎಲ್ಲ ಮುಗಿದ ಮೇಲೆ ಹೇಳುತ್ತಿದ್ದಾರೋ ನಡೆಯುತ್ತಿರುವಾಗಲೋ ಎಂದು ನೋಡಿ. ಅನುಮಾನ ಇರುವುದು ಮಗುವಿನ ನಡತೆಯಲ್ಲಿ ಎಷ್ಟೋ ಅಷ್ಟೇ ಅದನ್ನು ವರದಿ ಮಾಡುವ ಅಪ್ಪನ ಅಥವಾ ಅಮ್ಮನ ಬಾಯಲ್ಲೂ ಇದೆ.

ಕೆವಿನ್ ಕಥೆಯನ್ನೇ ತೆಗೆದುಕೊಳ್ಳೋಣ. ನೀವು ಓದಿರುವುದರಿಂದ ಬಿಚ್ಚಿ ಮಾತಾಡುತ್ತೇನೆ. ಓದದವರು ಈ ಪ್ಯಾರಾವನ್ನೂ ಮುಂದಿನ ಎರಡನ್ನೂ ಬಿಟ್ಟುಬಿಡಿ. 2003ರಲ್ಲಿ ಬಂದ, 2005ರಲ್ಲಿ ಆರೆಂಜ್ ಪ್ರಶಸ್ತಿ ಪಡೆದ ಈ ಕಾದಂಬರಿ ಪೂರ್ತಿ ಪತ್ರಗಳಲ್ಲಿದೆ. ಈವಾ ತನ್ನ ಗಂಡ ಫ್ರಾಂಕ್ಲಿನ್‌ಗೆ 2000ದ ನವೆಂಬರ್‌ನಿಂದ 2001ರ ಏಪ್ರಿಲ್‌ವರೆಗೆ ಬರೆಯುತ್ತಾಳೆ. ಮಗ ಶಾಲೆಯಲ್ಲಿ ಕೊಲೆ ಮಾಡಿದ್ದು 1999ರ ಏಪ್ರಿಲ್ 8ರಂದು. ಅಂದರೆ ಮಗುವಿನ ಮೊದಲ ಅಳುವಿನಿಂದ ಹಿಡಿದು ಪ್ರತಿಯೊಂದು ಘಟನೆಯೂ ಕೊನೆ ಗೊತ್ತಿರುವವಳ ನೆನಪು. 'ಬೆಳೆಯುವ ಸಿರಿ ಮೊಳಕೆಯಲ್ಲೇ' ಅನ್ನುತ್ತೇವಲ್ಲ, ಅದನ್ನು ಬೆಳೆದ ಮೇಲೆ ಹೇಳುವುದು ಸುಲಭ.

ಎರಡನೆಯ ಸಲ ಓದುವಾಗ ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ಕೆವಿನ್ ಮಾಡಿದ ಎಂದು ಬರುವ ಪ್ರತಿಯೊಂದು ಕೆಡುಕಿನ ಪಕ್ಕದಲ್ಲೂ ಒಂದು ಗುರುತು ಹಾಕಿ: ಈವಾ ಕಣ್ಣಾರೆ ಕಂಡದ್ದು, ಬೇರೆಯವರು ಹೇಳಿ ಕೇಳಿದ್ದು, ಅವಳೇ ಊಹಿಸಿದ್ದು. ಅವಳು ಗೋಡೆಗೆಲ್ಲ ಅಂಟಿಸಿದ್ದ ನಕ್ಷೆಗಳ ಮೇಲೆ ಮಗ ಆಟದ ಪಿಸ್ತೂಲಿನಿಂದ ಮಸಿ ಚಿಮ್ಮಿಸಿದ್ದು ಮೊದಲ ಗುಂಪಿಗೆ ಹೋಗುತ್ತದೆ. ಆದರೆ ಪುಟ್ಟ ತಂಗಿ ಸೀಲಿಯಾಳ ಕಣ್ಣು ಹೋದ ಪ್ರಸಂಗ ನೋಡಿ. ಮೊದಲು ಅವಳು ಸಾಕಿದ್ದ ಪುಟ್ಟ ಪ್ರಾಣಿ ಕಾಣೆಯಾಗುತ್ತದೆ. ಆಮೇಲೆ ಸಿಂಕಿನ ಪೈಪು ಕಟ್ಟಿಕೊಳ್ಳುತ್ತದೆ, ಈವಾ ಪೈಪು ಬಿಡಿಸುವ ರಾಸಾಯನಿಕ ಸುರಿಯುತ್ತಾಳೆ. ಅದೇ ರಾಸಾಯನಿಕ ಬಿದ್ದು ಮಗು ಕಣ್ಣು ಕಳೆದುಕೊಂಡಾಗ ಮನೆಯಲ್ಲಿದ್ದವನು ಕೆವಿನ್ ಒಬ್ಬನೇ. ಬಾಟಲಿಯನ್ನು ಭದ್ರವಾಗಿ ಎತ್ತಿಟ್ಟಿದ್ದೆ ಎನ್ನುತ್ತಾಳೆ ಈವಾ. ನೀನೇ ಹೊರಗೆ ಬಿಟ್ಟಿದ್ದೆ ಎನ್ನುತ್ತಾನೆ ಗಂಡ. ನೋಡಿದವರು ಯಾರೂ ಇಲ್ಲ. ಆಮೇಲೆ ಊಟದ ಮೇಜಿನಲ್ಲಿ ಕೆವಿನ್ ಲಿಚಿ ಹಣ್ಣಿನ ಸಿಪ್ಪೆ ಬಿಡಿಸಿ, ಬೆಳ್ಳಗೆ ಹೊಳೆಯುವ ಆ ತಿರುಳನ್ನು ನಿಧಾನವಾಗಿ ಕಚ್ಚುತ್ತಾನೆ. ಹಣ್ಣು ತಿಂದದ್ದು ಯಾವ ಕೋರ್ಟಿನಲ್ಲೂ ಸಾಕ್ಷಿಯಾಗದು. ಈವಾಗೆ ಮಾತ್ರ ಅಷ್ಟೇ ಸಾಕು, ಓದುತ್ತಿರುವ ನಮಗೂ ಸಾಕು. ಇಷ್ಟು ಕಡಿಮೆ ಪುರಾವೆಗೆ ನಾವು ಯಾಕೆ ತಲೆಯಾಡಿಸಿದೆವು ಎಂದು ಅಲ್ಲಿ ಒಂದು ನಿಮಿಷ ನಿಂತು ಯೋಚಿಸಿದರೆ ಶ್ರೈವರ್ ಮಾಡಿರುವ ಕೆಲಸ ಕಾಣುತ್ತದೆ.

ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ. ಆರು ವರ್ಷವಾದರೂ ಡೈಪರ್ ಬಿಡದ ಮಗನನ್ನು ಸಿಟ್ಟಿನಲ್ಲಿ ಎತ್ತಿ ಎಸೆದು ಕೈ ಮುರಿಯುವವಳು ತಾಯಿ. ಅನುಮಾನಕ್ಕೆ ಎಡೆಯೇ ಇಲ್ಲದ ಹಾಗೆ ಅದು ನಡೆಯುತ್ತದೆ. ಮಗ ಅಪ್ಪನ ಹತ್ತಿರ ಸುಳ್ಳು ಹೇಳಿ ಅವಳನ್ನು ಕಾಪಾಡುತ್ತಾನೆ. ಅವಳು ಅದನ್ನು ಮುಚ್ಚಿಡದೆ ಬರೆಯುವುದರಿಂದಲೇ ಅವಳ ಬೇರೆ ಮಾತುಗಳನ್ನೂ ನಂಬಬೇಕು ಅನ್ನಿಸುತ್ತದೆ. ಲಿನ್ ರ್‍ಯಾಮ್ಸೆ ನಿರ್ದೇಶಿಸಿದ 2011ರ ಸಿನಿಮಾ ಚೆನ್ನಾಗಿದೆ, ಆದರೆ ಈ ಲೆಕ್ಕ ಅದರಲ್ಲಿ ಸಿಗದು. ಪತ್ರ ಹೋಗಿ ದೃಶ್ಯ ಬಂದಾಗ, ತಾಯಿ ಹೇಳಿದ್ದೆಲ್ಲ ನಾವೇ ಕಂಡದ್ದಾಗಿಬಿಡುತ್ತದೆ.

ಇದರ ನಂತರ ಓದಬೇಕಾದದ್ದು ಡೋರಿಸ್ ಲೆಸ್ಸಿಂಗ್ ಅವರ 'ದ ಫಿಫ್ತ್ ಚೈಲ್ಡ್', 1988ರದು. ಚಿಕ್ಕ ಪುಸ್ತಕ, ಒಂದೇ ಉಸಿರಿಗೆ ಓದಿಸಿಕೊಳ್ಳುತ್ತದೆ. ಹ್ಯಾರಿಯೆಟ್ ಮತ್ತು ಡೇವಿಡ್ ದಂಪತಿಗೆ ದೊಡ್ಡ ಮನೆ, ಮನೆ ತುಂಬ ಮಕ್ಕಳು, ಹಬ್ಬಕ್ಕೆಲ್ಲ ನೆಂಟರು ಬಂದು ತುಂಬಿಕೊಳ್ಳಬೇಕು ಎಂಬ ಕನಸು. ಇಂಗ್ಲೆಂಡಿನ ಕಾದಂಬರಿಗಳಲ್ಲಿ ಇಷ್ಟು ತುಂಬಿದ ಮನೆ ಅಪರೂಪ, ನಮ್ಮ ಓದುಗರಿಗೆ ಥಟ್ಟನೆ ಹತ್ತಿರವಾಗುತ್ತದೆ. ಐದನೆಯ ಮಗು ಬೆನ್, ಹೊಟ್ಟೆಯಲ್ಲಿದ್ದಾಗಲೇ ತಾಯಿಯನ್ನು ಹಿಂಡುತ್ತಾನೆ. ನಾಯಿ ಸಾಯುತ್ತದೆ, ಮಿಕ್ಕ ಮಕ್ಕಳು ರಾತ್ರಿ ಬಾಗಿಲು ಹಾಕಿಕೊಂಡು ಮಲಗತೊಡಗುತ್ತಾರೆ. ಕೊನೆಗೆ ಮನೆಯವರು ಬೆನ್‌ನನ್ನು ಒಂದು ಸಂಸ್ಥೆಗೆ ಕಳಿಸಿಬಿಡುತ್ತಾರೆ. ಹ್ಯಾರಿಯೆಟ್ ಹೋಗಿ ನೋಡಿದರೆ ಅವನು ಔಷಧಿಯ ಅಮಲಿನಲ್ಲಿ, ಕೈಕಟ್ಟುವ ಅಂಗಿಯೊಳಗೆ, ತನ್ನದೇ ಹೇಸಿಗೆಯಲ್ಲಿ ಬಿದ್ದಿರುತ್ತಾನೆ. ಅಲ್ಲಿ ಮಕ್ಕಳನ್ನು ಬದುಕಲೆಂದು ಇಟ್ಟಿಲ್ಲ ಎಂದು ಅವಳಿಗೆ ಅರ್ಥವಾಗುತ್ತದೆ. ಅವನನ್ನು ಮನೆಗೆ ತರುತ್ತಾಳೆ, ಆ ಒಂದು ನಿರ್ಧಾರದಿಂದ ಮಿಕ್ಕ ನಾಲ್ಕು ಮಕ್ಕಳನ್ನು ಒಬ್ಬೊಬ್ಬರಾಗಿ ಕಳೆದುಕೊಳ್ಳುತ್ತಾಳೆ.

ಇಲ್ಲಿಗೆ ಬಂದಾಗ ಮಹಾಭಾರತ ನೆನಪಾಗದೆ ಇರದು. ದುರ್ಯೋಧನ ಹುಟ್ಟಿದಾಗ ನರಿಗಳು ಊಳಿಟ್ಟವು, 'ಕುಲ ಉಳಿಯಬೇಕಾದರೆ ಇವನೊಬ್ಬನನ್ನು ಬಿಟ್ಟುಬಿಡು' ಎಂದು ವಿದುರ ಹೇಳಿದ, ಧೃತರಾಷ್ಟ್ರ ಬಿಡಲಿಲ್ಲ. ನಾವು ಆ ಕಥೆ ಕೇಳುವಾಗ ಸಾಮಾನ್ಯವಾಗಿ ವಿದುರನ ಕಡೆಗಿರುತ್ತೇವೆ. ಲೆಸ್ಸಿಂಗ್ ನಮ್ಮನ್ನು ಆ ಶಿಶುವಿನ ಕೋಣೆಯ ಒಳಕ್ಕೇ ಕರೆದುಕೊಂಡು ಹೋಗಿ ನಿಲ್ಲಿಸುತ್ತಾರೆ. ಅಲ್ಲಿಂದ ನೋಡಿದರೆ ವಿದುರನ ಲೆಕ್ಕ ಅಷ್ಟು ಸಲೀಸಲ್ಲ. ರನ್ನನ 'ಗದಾಯುದ್ಧ'ವನ್ನು ಇದರ ಜೊತೆಗಿಟ್ಟು ಓದಿ. ಎಲ್ಲರೂ ಸತ್ತ ರಣರಂಗದಲ್ಲಿ ಧೃತರಾಷ್ಟ್ರ, ಗಾಂಧಾರಿ ಉಳಿದೊಬ್ಬ ಮಗನನ್ನು ಹುಡುಕಿಕೊಂಡು ಬಂದು ಸಂಧಿ ಮಾಡಿಕೋ ಎಂದು ಬೇಡುವ ಭಾಗವಿದೆ. ಹತ್ತನೇ ಶತಮಾನದ ಕವಿ ಆ ಮಗನನ್ನು ಬರೀ ದುಷ್ಟನಾಗಿ ಬಿಟ್ಟಿಲ್ಲ. ಕನ್ನಡದಲ್ಲಿ ಈ ವಸ್ತುವಿಗೆ ನಿಮಗಿರುವ ಅತಿ ಗಟ್ಟಿ ಬೇರು ಅದು.

ಅಪ್ಪಂದಿರು ಹೇಳುವ ಕಥೆಗಳು ಬೇರೆಯದೇ ಜಾತಿ. ವಿಲಿಯಂ ಲ್ಯಾಂಡೆ ಅವರ 'ಡಿಫೆಂಡಿಂಗ್ ಜೇಕಬ್' (2012) ಮ್ಯಾಸಚೂಸೆಟ್ಸ್‌ನ ನ್ಯೂಟನ್ ಎಂಬ ಊರಿನದು. ನಿರೂಪಕ ಆಂಡಿ ಬಾರ್ಬರ್ ಸರ್ಕಾರಿ ವಕೀಲ. ಅವನ 14 ವರ್ಷದ ಮಗನ ಮೇಲೆ ಸಹಪಾಠಿಯ ಕೊಲೆ ಆರೋಪ ಬರುತ್ತದೆ. ಮಗನ ಕೋಣೆಯಲ್ಲಿ ಚಾಕು ಸಿಕ್ಕಾಗ ಕಾನೂನು ಅರೆದು ಕುಡಿದ ಈ ಮನುಷ್ಯ ಏನು ಮಾಡುತ್ತಾನೆ ನೋಡಿ: ಒಯ್ದು ಎಸೆದು ಬರುತ್ತಾನೆ. ಮಧ್ಯೆ ಮಧ್ಯೆ ಬರುವ ಗ್ರ್ಯಾಂಡ್ ಜ್ಯೂರಿ (ಮೊಕದ್ದಮೆ ಹೂಡಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ವಿಚಾರಣೆಯ ನಕಲುಗಳನ್ನು ಅವಸರದಲ್ಲಿ ದಾಟಬೇಡಿ. ಅದು ಯಾವ ಪ್ರಕರಣದ ವಿಚಾರಣೆ ಎಂಬುದೇ ಕಾದಂಬರಿಯ ಕೀಲಿ. ಲೇಖಕರು ಸ್ವತಃ ಪ್ರಾಸಿಕ್ಯೂಟರ್ ಆಗಿದ್ದವರು, ಕೋರ್ಟಿನ ಭಾಗ ಗಟ್ಟಿಯಾಗಿದೆ. ಕೊಲೆಯ ಗುಣ ವಂಶವಾಹಿಯಲ್ಲಿ, ಅಂದರೆ ಜೀನಿನಲ್ಲಿ, ಇಳಿದುಬರುತ್ತದೆಯೇ ಎಂಬ ಭಾಗ ಅಷ್ಟು ಗಟ್ಟಿಯಲ್ಲ. 'ಕೊಲೆಗಾರ ಜೀನ್' ಎಂಬ ಮಾತಿನ ಹಿಂದೆ ಇರುವುದು 1993ರಲ್ಲಿ ಒಂದೇ ಒಂದು ಡಚ್ ಕುಟುಂಬದ ಗಂಡಸರಲ್ಲಿ ಎಂಎಒಎ ಎಂಬ ಜೀನಿನ ದೋಷ ಪತ್ತೆಯಾದದ್ದು, ಅದೂ ಬಹಳ ಅಪರೂಪದ ದೋಷ. 2002ರಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನ ಮಕ್ಕಳನ್ನು ದೊಡ್ಡವರಾಗುವವರೆಗೆ ಗಮನಿಸಿದ ಅಧ್ಯಯನ ಹೇಳಿದ್ದು, ಆ ಜೀನ್ ಕಡಿಮೆ ಕೆಲಸ ಮಾಡುವ ಗಂಡುಮಕ್ಕಳಲ್ಲಿ ಬಾಲ್ಯದಲ್ಲಿ ಹಿಂಸೆ ಅನುಭವಿಸಿದವರಿಗೆ ಅಪಾಯ ಹೆಚ್ಚು ಎಂದು. ರಕ್ತದಲ್ಲೇ ಕೊಲೆ ಬರೆದಿದೆ ಎಂದು ಎರಡೂ ಹೇಳಿಲ್ಲ. ಕಾದಂಬರಿಯಲ್ಲಿ ಆ ಜೀನಿನ ಭಯ ಸಂಸಾರವನ್ನು ಹೇಗೆ ತಿನ್ನುತ್ತದೆ ಎಂಬುದಷ್ಟನ್ನೇ ನಂಬಿ ಓದಿ.

ನೆದರ್ಲೆಂಡ್ಸ್‌ನ ಹರ್ಮನ್ ಕೋಖ್ 2009ರಲ್ಲಿ ಬರೆದ 'ದ ಡಿನ್ನರ್' ಇದಕ್ಕಿಂತ ತಣ್ಣಗಿದೆ, ಇದಕ್ಕಿಂತ ಭಯಂಕರ. ಇಡೀ ಕಾದಂಬರಿ ದುಬಾರಿ ಹೋಟೆಲೊಂದರ ಒಂದು ರಾತ್ರಿಯೂಟ. ಭಾಗಗಳ ಹೆಸರೂ ಊಟದ ಸುತ್ತುಗಳದ್ದೇ. ಅಣ್ಣತಮ್ಮಂದಿರು, ಇಬ್ಬರ ಹೆಂಡತಿಯರು. ಎಟಿಎಂ ಕೋಣೆಯಲ್ಲಿ ಮಲಗಿದ್ದ ನಿರ್ಗತಿಕ ಹೆಂಗಸಿಗೆ ತಮ್ಮ ಮಕ್ಕಳು ಏನು ಮಾಡಿದ್ದಾರೆ ಎಂಬುದು ನಾಲ್ವರಿಗೂ ಗೊತ್ತು, ಮಾತು ಮಾತ್ರ ಅಡುಗೆಯ ಸುತ್ತಲೇ ಸುತ್ತುತ್ತದೆ. ಕೋಖ್ ಅವರಿಗೆ ಎಳೆ ಸಿಕ್ಕಿದ್ದು ಬಾರ್ಸಿಲೋನಾದಲ್ಲಿ 2005ರಲ್ಲಿ ನಡೆದ ಅಂಥದ್ದೇ ನಿಜ ಘಟನೆಯಿಂದ. 'ಹೆತ್ತವರಿಗೆ ಹೆಗ್ಗಣ ಮುದ್ದು' ಎಂದು ನಾವು ಪ್ರೀತಿಯಿಂದ ಹೇಳುವ ಮಾತು ಎಲ್ಲಿಯವರೆಗೆ ಹೋಗಬಲ್ಲದು ಎಂಬುದನ್ನು ಇದರಷ್ಟು ನಿರ್ದಾಕ್ಷಿಣ್ಯವಾಗಿ ತೋರಿಸಿದ ಇನ್ನೊಂದು ಕಾದಂಬರಿ ನನಗೆ ಗೊತ್ತಿಲ್ಲ. ನಿರೂಪಕ ಪಾಲ್ ಮೊದಲ ಐವತ್ತು ಪುಟ ನಿಮ್ಮನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಎಳೆದುಕೊಳ್ಳಲಿ ಬಿಡಿ.

ವಿಲಿಯಂ ಮಾರ್ಚ್ ಅವರ 'ದ ಬ್ಯಾಡ್ ಸೀಡ್' 1954ರದು, ಈ ಸಾಲಿನ ಅಜ್ಜಿ. ಎಂಟು ವರ್ಷದ ರೋಡಾಳಿಗೆ ಕೈಬರಹದ ಪದಕ ಸಿಗದೆ ಸಹಪಾಠಿಗೆ ಸಿಗುತ್ತದೆ, ಶಾಲೆಯ ಪಿಕ್ನಿಕ್‌ನಲ್ಲಿ ಆ ಹುಡುಗ ನೀರುಪಾಲಾಗುತ್ತಾನೆ. ತಾಯಿ ಕ್ರಿಸ್ಟೀನ್ ಇಲ್ಲಿ ಆಮೇಲೆ ನೆನಪು ಮಾಡಿಕೊಳ್ಳುವವಳಲ್ಲ. ನಡೆಯುತ್ತಿರುವಾಗಲೇ ಒಂದೊಂದಾಗಿ ಪುರಾವೆ ಸಿಕ್ಕಿ ನಡುಗುವವಳು. ವಂಶದಿಂದ ಕೆಡುಕು ಇಳಿದುಬರುತ್ತದೆ ಎಂಬ ಇದರ ನಂಬಿಕೆ ಹಳತಾಗಿದೆ, ಅಲ್ಲಿ ಅನುಮಾನ ಬೇಗ ಮುಗಿದುಹೋಗುತ್ತದೆ. ಆದರೂ ಓದಬೇಕಾದದ್ದು ಕೊನೆಗಾಗಿ. ಪುಸ್ತಕದಲ್ಲಿ ತಾಯಿ ಮಗಳಿಗೆ ನಿದ್ದೆ ಮಾತ್ರೆ ಕೊಟ್ಟು ತಾನು ಗುಂಡು ಹಾರಿಸಿಕೊಳ್ಳುತ್ತಾಳೆ, ಮಗಳು ಬದುಕುಳಿಯುತ್ತಾಳೆ, ಅಪ್ಪನಿಗೆ ಏನೂ ಗೊತ್ತಿಲ್ಲ. 1956ರ ಸಿನಿಮಾದಲ್ಲಿ ತಾಯಿ ಉಳಿಯುತ್ತಾಳೆ, ಮಗಳಿಗೆ ಸಿಡಿಲು ಹೊಡೆಯುತ್ತದೆ. ತಪ್ಪಿತಸ್ಥರಿಗೆ ಶಿಕ್ಷೆ ಆಗಲೇಬೇಕು ಎಂಬುದು ಆಗಿನ ಹಾಲಿವುಡ್ ನೀತಿಸಂಹಿತೆ. ನೀವು ಬರೆಯುವಾಗಲೂ ಆ ಸಿಡಿಲು ತರುವ ಆಸೆ ಬರುತ್ತದೆ. ತಡೆದುಕೊಳ್ಳಿ.

ಆಶ್ಲಿ ಆಡ್ರೈನ್ ಅವರ 'ದ ಪುಶ್' (2021) ಕೆವಿನ್‌ಗೆ ತೀರ ಹತ್ತಿರ. ಇಲ್ಲೂ ತಾಯಿ ಗಂಡನಿಗೇ ಬರೆಯುತ್ತಿದ್ದಾಳೆ, ಇಲ್ಲೂ ಅವನು ನಂಬುವುದಿಲ್ಲ. ಹೊಸದಾಗಿರುವುದು ಅವಳ ತಾಯಿ ಮತ್ತು ಅಜ್ಜಿಯ ಕಥೆ. ಆ ಮನೆಯ ಹೆಂಗಸರಿಗೆ ತಾಯ್ತನವೇ ಕೈಗೆ ಹತ್ತಿಲ್ಲ ಎಂಬುದು ಅವಳ ಸಾಕ್ಷ್ಯವನ್ನು ಇನ್ನಷ್ಟು ಅಲ್ಲಾಡಿಸುತ್ತದೆ. ಜೋಡಿ ಪಿಕೋ ಅವರ 'ನೈಂಟೀನ್ ಮಿನಿಟ್ಸ್' (2007) ಹತ್ತು ಕಡೆಯಿಂದ ಹೇಳುವುದರಿಂದ ಅನುಮಾನಕ್ಕಿಂತ ವಿವರಣೆಯೇ ಜಾಸ್ತಿ, ಬಿಡುವಿದ್ದರೆ ಓದಿ.

ಫಿಲಿಪ್ ರಾತ್ ಅವರ 'ಅಮೆರಿಕನ್ ಪ್ಯಾಸ್ಟೊರಲ್' (1997) ಕೊನೆಗಿಟ್ಟುಕೊಳ್ಳಿ, ಭಾರದ ಪುಸ್ತಕ. 1968ರಲ್ಲಿ, ವಿಯೆಟ್ನಾಂ ಯುದ್ಧದ ಸಿಟ್ಟಿಗೆ ಹದಿಹರೆಯದ ಮೆರಿ ಊರಿನ ಅಂಚೆ ಕಚೇರಿಗೆ ಬಾಂಬಿಡುತ್ತಾಳೆ, ಒಬ್ಬರು ಸಾಯುತ್ತಾರೆ. ಅವಳ ಅಪ್ಪ, ಕೈಗವಸು ಕಾರ್ಖಾನೆಯ ಸಜ್ಜನ, ಎಲ್ಲಿ ತಪ್ಪಿದೆ ಎಂದು ಜೀವಮಾನವಿಡೀ ಹುಡುಕುತ್ತಾನೆ. ಆದರೆ ಈ ಅಪ್ಪನ ಕಥೆಯನ್ನು ಹೇಳುತ್ತಿರುವವನು ಬೇರೊಬ್ಬ ಲೇಖಕ, ಅದರ ಬಹುಪಾಲು ಅವನ ಕಲ್ಪನೆ ಎಂದು ಅವನೇ ಒಪ್ಪಿಕೊಳ್ಳುತ್ತಾನೆ. ಮುಂದೆ ಮೆರಿ ಜೈನಳಾಗಿ, ಹಳೆಯ ಕಾಲುಚೀಲದ ತುಂಡನ್ನು ಬಾಯಿಗೆ ಕಟ್ಟಿಕೊಂಡು, ಜೀವಿಗಳಿಗೆ ಹಿಂಸೆಯಾದೀತು ಎಂದು ಮೈ ತೊಳೆಯದೆ ಬದುಕುವ ಭಾಗವಿದೆ. ಶ್ರವಣಬೆಳಗೊಳ, ಮೂಡುಬಿದಿರೆ ಕಂಡ ನಮಗೆ ಅದು ಜೈನರ ಬದುಕು ಅಲ್ಲ ಎಂದು ಕೂಡಲೇ ಗೊತ್ತಾಗುತ್ತದೆ. ಬಾಯಿಪಟ್ಟಿ ಶ್ವೇತಾಂಬರರ ಕೆಲವು ಪಂಥಗಳ ಸಾಧುಗಳದು, ಅದರ ಹಿಂದೆ ದೀಕ್ಷೆ, ಗುರು, ಸಂಘ ಇರುತ್ತವೆ. ಮೆರಿಗೆ ಅದ್ಯಾವುದೂ ಇಲ್ಲ. ಅಪ್ಪನ ಕಣ್ಣಿಗೆ ಅದು ಹೊಸ ಹುಚ್ಚು ಅಷ್ಟೇ, ನಮಗೆ ಅಹಿಂಸೆಯನ್ನೇ ತನ್ನ ಮೇಲೆ ಹಿಂಸೆಯಾಗಿ ತಿರುಗಿಸಿಕೊಂಡ ಹುಡುಗಿ ಕಾಣುತ್ತಾಳೆ.

ಮಹಾಶ್ವೇತಾದೇವಿ ಅವರ ಬಂಗಾಳಿ ಕಾದಂಬರಿ 'ಹಜಾರ್ ಚುರಾಶಿರ್ ಮಾ' (1974) ಪಟ್ಟಿಯಲ್ಲಿ ಇರಲೇಬೇಕು, ಯಾಕೆಂದರೆ ಅದು ಪ್ರಶ್ನೆಯನ್ನೇ ಮಗುಚಿಹಾಕುತ್ತದೆ. ನಕ್ಸಲ್ ಚಳವಳಿಗೆ ಸೇರಿದ ಮಗ ಬ್ರತಿ ಶವಾಗಾರದಲ್ಲಿ 1084ನೇ ನಂಬರಿನ ಹೆಣ. ತನ್ನ ಮಗನ ಬಗ್ಗೆ ತನಗೇನೂ ಗೊತ್ತಿರಲಿಲ್ಲ ಎಂದು ತಾಯಿ ಸುಜಾತಾ ಒಂದೇ ದಿನದಲ್ಲಿ ಕಂಡುಕೊಳ್ಳುತ್ತಾಳೆ. ಹಿಂಸೆ ಯಾರದ್ದು ಎಂಬ ಲೆಕ್ಕ ಅಲ್ಲಿ ಮನೆಯ ಹೊಸ್ತಿಲು ದಾಟಿ ಹೊರಗೆ ಹೋಗುತ್ತದೆ.

ಕಾದಂಬರಿಗಳ ನಡುವೆ ಒಂದು ನಿಜ ಕಥೆಯನ್ನು ಓದಲೇಬೇಕು: ಸೂ ಕ್ಲೆಬೋಲ್ಡ್ ಅವರ 'ಎ ಮದರ್ಸ್ ರೆಕನಿಂಗ್' (2016). 1999ರ ಏಪ್ರಿಲ್ 20ರಂದು ಕೊಲರಾಡೊದ ಕೊಲಂಬೈನ್ ಶಾಲೆಯಲ್ಲಿ ಗುಂಡು ಹಾರಿಸಿದ ಇಬ್ಬರಲ್ಲಿ ಒಬ್ಬನ ತಾಯಿ ಅವರು. ಕಾದಂಬರಿಗಳಲ್ಲಿ ತೊಟ್ಟಿಲಿನಿಂದಲೇ ಸೂಚನೆಗಳು ಸಾಲುಗಟ್ಟುತ್ತವೆ. ಇಲ್ಲಿ ತಾಯಿ ನೆನಪಿಸಿಕೊಳ್ಳುವುದು ಸುಲಭದ, ಮುದ್ದಿನ ಮಗುವನ್ನು. ಸಾಯಬೇಕು ಎಂದು ಅವನು ಬರೆದುಕೊಂಡ ಪುಟಗಳು ಅವರ ಕೈಗೆ ಬಂದದ್ದು ಎಲ್ಲ ಮುಗಿದ ಮೇಲೆ. ಇದನ್ನು ಓದಿದ ಮೇಲೆ ಕಾದಂಬರಿಗಳ ದುಷ್ಟ ಶಿಶುಗಳು ಕಥೆಯ ಅನುಕೂಲಕ್ಕೆ ಎಷ್ಟು ಕೆಲಸ ಮಾಡುತ್ತವೆ ಎಂಬುದು ಅರ್ಥವಾಗುತ್ತದೆ.

ಇನ್ನು ನಿಮ್ಮ ಬರವಣಿಗೆ. ಮೊದಲ ತೊಡಕು ಮನೆಯೇ. ಈವಾ ಕಥೆ ನಡೆಯಬೇಕಾದರೆ ಮನೆಯಲ್ಲಿ ತಾಯಿ, ಮಗು ಇಬ್ಬರೇ ಇರುವ ಉದ್ದುದ್ದ ಮಧ್ಯಾಹ್ನಗಳು ಬೇಕು. ಮೈಸೂರಿನ ಮನೆಯಲ್ಲಿ ಅತ್ತೆ ಇರುತ್ತಾರೆ, ಕೆಲಸದವರು ಬಂದುಹೋಗುತ್ತಾರೆ, ಪಕ್ಕದ ಮನೆಯ ಆಂಟಿಗೆ ಎಲ್ಲ ಕೇಳಿಸುತ್ತದೆ. ಅದನ್ನು ತೆಗೆದುಹಾಕಲು ದಂಪತಿಯನ್ನು ಅಪಾರ್ಟ್‌ಮೆಂಟಿಗೆ ಸಾಗಿಸುವುದು ಸುಲಭದ ದಾರಿ, ಆದರೆ ಕಥೆ ಬಡವಾಗುತ್ತದೆ. ಅವರನ್ನೆಲ್ಲ ಉಳಿಸಿಕೊಂಡು ಒಂದೇ ಘಟನೆಗೆ ಮೂರು ಸಾಕ್ಷಿ ಕೊಡಿ. ಅಜ್ಜಿ 'ಗಂಡು ಹುಡುಗ, ತುಂಟತನ ಇರದೆ ಇರುತ್ತಾ' ಅನ್ನಲಿ. ಪಾತ್ರೆ ತೊಳೆಯುವಾಕೆ ಮಾತ್ರ ನಿಜ ಕಂಡಿರಲಿ, ಕೆಲಸ ಹೋದೀತೆಂದು ಬಾಯಿ ಬಿಡದಿರಲಿ.

ಎರಡನೆಯದು ಕಾನೂನು. ಅಮೆರಿಕದ ಕೋರ್ಟ್ ದೃಶ್ಯಗಳನ್ನು ಎತ್ತಿ ಇಲ್ಲಿ ಇಟ್ಟರೆ ನಿಲ್ಲುವುದಿಲ್ಲ. ನಮ್ಮಲ್ಲಿ ಕೊಲೆ ಮೊಕದ್ದಮೆಗೆ ಜ್ಯೂರಿ ಇಲ್ಲ. 18 ತುಂಬದವರನ್ನು 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ, ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ 16 ತುಂಬಿದವರ ಮೇಲೆ ಕನಿಷ್ಠ 7 ವರ್ಷ ಶಿಕ್ಷೆಯ ಘೋರ ಅಪರಾಧದ ಆರೋಪವಿದ್ದರೆ ಮಂಡಳಿ ಪ್ರಾಥಮಿಕ ಮೌಲ್ಯಮಾಪನ ಮಾಡುತ್ತದೆ: ಅಪರಾಧ ಮಾಡುವಷ್ಟು ದೈಹಿಕ, ಮಾನಸಿಕ ಸಾಮರ್ಥ್ಯವಿತ್ತೇ, ಪರಿಣಾಮ ಗೊತ್ತಿತ್ತೇ, ಯಾವ ಸನ್ನಿವೇಶದಲ್ಲಿ ನಡೆಯಿತು. ವಯಸ್ಕನಂತೆ ವಿಚಾರಣೆ ಆಗಬೇಕು ಎಂದು ಕಂಡರೆ ಮಕ್ಕಳ ನ್ಯಾಯಾಲಯಕ್ಕೆ ಕಳಿಸುತ್ತದೆ. 16ಕ್ಕಿಂತ ಕೆಳಗಿನವರಿಗೆ ಇದು ಅನ್ವಯಿಸದು. ಹಾಗಾಗಿ ನಿಮ್ಮ ಹುಡುಗನ ವಯಸ್ಸನ್ನು ತಿಂಗಳ ಲೆಕ್ಕದಲ್ಲಿ ತೀರ್ಮಾನಿಸಿ. ಕೆವಿನ್ ಕೂಡ 16 ತುಂಬಲು 3 ದಿನ ಇರುವಾಗ ದಿನ ಆರಿಸಿಕೊಂಡವನು. ವಯಸ್ಸಿಗೆ ಕಾನೂನು ಮೊದಲು ನೋಡುವುದು ಶಾಲೆಯ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಾಲಿಕೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ. ಅದೂ ಇಲ್ಲದಿದ್ದರೆ ಮೂಳೆ ಪರೀಕ್ಷೆ. ಒಂದನೇ ಕ್ಲಾಸಿಗೆ ಸೇರಿಸಲು ಹುಟ್ಟಿದ ದಿನ ಹಿಂದೆಮುಂದೆ ಬರೆಸಿದ ಅಪ್ಪ, ಹತ್ತು ವರ್ಷ ಕಳೆದ ಮೇಲೆ ಆ ದಿನಾಂಕದ ಮುಂದೆ ಕೂತಿರುವ ದೃಶ್ಯ ನಮ್ಮಲ್ಲಿ ಮಾತ್ರ ಬರೆಯಬಹುದಾದದ್ದು. ಆರೋಪಿ ಮಗುವಿನ ಹೆಸರು, ಶಾಲೆ, ವಿಳಾಸ ಪತ್ರಿಕೆಯಲ್ಲಿ ಬರುವಂತಿಲ್ಲ ಎಂಬುದನ್ನೂ ಮರೆಯಬೇಡಿ. ಟೀವಿಯವರು ಮನೆ ಮುಂದೆ ಮೈಕ್ ಹಿಡಿದು ಹೆಸರು ಕೂಗುವ ದೃಶ್ಯ ಬರೆದರೆ ಅದು ಕಾನೂನು ಮುರಿದದ್ದು ಎಂದು ಕಥೆಗೆ ಗೊತ್ತಿರಬೇಕು.

ಮೂರನೆಯದು ವೈದ್ಯರ ಪಾತ್ರ. ಹತ್ತು ವರ್ಷದ ಮಗುವಿಗೆ ಮನೋವೈದ್ಯರು 'ಸೈಕೋಪಾತ್' ಎಂದು ಹಣೆಪಟ್ಟಿ ಹಚ್ಚುವ ದೃಶ್ಯ ಬರೆಯಬೇಡಿ. ಸಮಾಜವಿರೋಧಿ ವ್ಯಕ್ತಿತ್ವ ದೋಷ ಎಂಬ ರೋಗನಿರ್ಣಯವನ್ನು 18 ತುಂಬುವ ಮೊದಲು ಕೊಡುವುದಿಲ್ಲ. ಮಕ್ಕಳಲ್ಲಿ ಹೇಳುವುದು ನಡವಳಿಕೆ ದೋಷ, ಕಂಡಕ್ಟ್ ಡಿಸಾರ್ಡರ್. ಆ ಮಕ್ಕಳಲ್ಲಿ ಬಹಳಷ್ಟು ಜನ ದೊಡ್ಡವರಾದ ಮೇಲೆ ಸರಿಹೋಗುತ್ತಾರೆ. ವೈದ್ಯರು ಮಗುವಿಗಿಂತ ಹೆಚ್ಚು ಹೊತ್ತು ತಂದೆತಾಯಿಯನ್ನು ಪ್ರಶ್ನಿಸುತ್ತಾರೆ, ಶಾಲೆಯಿಂದ ವರದಿ ಕೇಳುತ್ತಾರೆ. ಅಮ್ಮ ಒಂದು ಹೇಳಿ ಅಪ್ಪ ಇನ್ನೊಂದು ಹೇಳುವುದು ಆ ಕೋಣೆಯಲ್ಲೇ. ನಿಮ್ಮ ಕಾದಂಬರಿಯ ದೊಡ್ಡ ಅಧ್ಯಾಯ ಅಲ್ಲಿದೆ ಅಂತ ನನಗನ್ನಿಸುತ್ತದೆ.

ತಂಗಿಗೆ ಈಗ ಇವ್ಯಾವುದನ್ನೂ ಕೊಡಬೇಡಿ, 'ದ ಪುಶ್' ಮತ್ತು 'ದ ಫಿಫ್ತ್ ಚೈಲ್ಡ್' ಅಂತೂ ಬೇಡವೇ ಬೇಡ. ನಿದ್ದೆಗೆಟ್ಟ ತಾಯಿಗೆ ಮಗುವಿನ ಮೇಲೆ ಪ್ರೀತಿ ಉಕ್ಕದಿರುವುದನ್ನು ಎರಡೂ ಅತಿ ಹತ್ತಿರದಿಂದ ಬರೆದಿವೆ, ಅದನ್ನು ಬರಲಿರುವ ಕೆಡುಕಿನ ಮುನ್ಸೂಚನೆಯ ಥರ ಓದಿಸುತ್ತವೆ. ಹೆರಿಗೆಯಾದ ಹೊಸತರಲ್ಲಿ ಹಾಗನ್ನಿಸುವುದು ಎಷ್ಟೋ ಜನರಿಗೆ ಆಗುತ್ತದೆ, ಅದರಿಂದ ಮಗುವಿನ ಭವಿಷ್ಯವೇನೂ ತಿಳಿಯದು. ಆಕೆಯೇ ಈ ಪುಸ್ತಕಗಳನ್ನು ಕೇಳಿದ್ದರೆ, ಯಾಕೆ ಬೇಕು ಎಂದು ಹತ್ತಿರ ಕೂತು ಕೇಳಿ. ಎರಡು ವಾರಕ್ಕಿಂತ ಹೆಚ್ಚು ದಿನ ಅಳು, ಬೇಸರ, ಮಗುವನ್ನು ಎತ್ತಿಕೊಳ್ಳಲು ಭಯ ಇದ್ದರೆ ಹೆರಿಗೆ ಮಾಡಿಸಿದ ಡಾಕ್ಟರಿಗೇ ಮೊದಲು ಹೇಳಿ, ಅವರು ಮನೋವೈದ್ಯರ ಹತ್ತಿರ ಕಳಿಸುತ್ತಾರೆ. ತನಗೆ ಅಥವಾ ಮಗುವಿಗೆ ಏನಾದರೂ ಮಾಡಿಕೊಳ್ಳುವ ಮಾತು ಆಡಿದರೆ ಎರಡು ವಾರ ಕಾಯಬೇಡಿ, ಅವತ್ತೇ ಕರೆದುಕೊಂಡು ಹೋಗಿ.